ಹೊರದೇಶದ ವಿಪತ್ತಿಗೆ ಓಡುವ ಸೇನಾ ವೈದ್ಯ ತಂಡ: ಗೌರವ ಎಲ್ಲಿಗೆ ಬಂದು ನಿಲ್ಲುತ್ತದೆ?

2025ರ ನವೆಂಬರ್ ಕೊನೆಗೆ ದಿತ್ವಾ ಚಂಡಮಾರುತ ಶ್ರೀಲಂಕಾಕ್ಕೆ ಅಪ್ಪಳಿಸಿತು. ಗುಡ್ಡ ಕುಸಿದವು, ಸೇತುವೆ ಕೊಚ್ಚಿಹೋದವು, 600ಕ್ಕೂ ಹೆಚ್ಚು ಜನ ಸತ್ತರು. ಡಿಸೆಂಬರ್ ಮೊದಲ ವಾರದಲ್ಲೇ ನಮ್ಮ ವಾಯುಪಡೆಯ ಸಿ-17 ವಿಮಾನ ಒಂದು ಇಡೀ ದವಾಖಾನೆಯನ್ನು ಹೊತ್ತುಕೊಂಡು ಅಲ್ಲಿಗೆ ಹೋಯಿತು. ಕ್ಯಾಂಡಿ ಹತ್ತಿರದ ಮಹಿಯಾಂಗನಾಯದಲ್ಲಿ ಸೇನೆಯ ಫೀಲ್ಡ್ ಹಾಸ್ಪಿಟಲ್ ಶುರುವಾಯಿತು. ಇದಕ್ಕೆ ಇಟ್ಟ ಹೆಸರು ಆಪರೇಷನ್ ಸಾಗರ್ ಬಂಧು.

ಅದೇ ವರ್ಷ ಮಾರ್ಚ್ 28ಕ್ಕೆ ಮ್ಯಾನ್ಮಾರ್‌ನಲ್ಲಿ 7.7 ತೀವ್ರತೆಯ ಭೂಕಂಪ ಆಗಿತ್ತು. ಆಗಲೂ 118 ಜನರ ಸೇನಾ ವೈದ್ಯ ತಂಡ ಮ್ಯಾಂಡಲೆಗೆ ಹೋಯಿತು. 60 ಹಾಸಿಗೆಯ ಚಿಕಿತ್ಸಾ ಕೇಂದ್ರ ನಡೆಸಿ, ಎರಡು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿ ಏಪ್ರಿಲ್‌ನಲ್ಲಿ ವಾಪಸ್ ಬಂತು. ಅದಕ್ಕೂ ಎರಡು ವರ್ಷ ಮುಂಚೆ, 2023ರ ಫೆಬ್ರುವರಿಯಲ್ಲಿ, ಭೂಕಂಪ ಆದ ಟರ್ಕಿಯ ಇಸ್ಕೆಂಡರುನ್‌ನಲ್ಲಿ 99 ಜನರ ತಂಡ ಇದೇ ಕೆಲಸ ಮಾಡಿತ್ತು. ಮೂರೂ ಸಲ ಹೋದದ್ದು ಆಗ್ರಾದ ಶತ್ರುಜೀತ್ ಬ್ರಿಗೇಡ್‌ನ ವೈದ್ಯ ಸಿಬ್ಬಂದಿ. ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವ ತರಬೇತಿ ಇರುವ ಡಾಕ್ಟರುಗಳು, ನರ್ಸಿಂಗ್ ಅಸಿಸ್ಟೆಂಟ್‌ಗಳು, ಟೆಕ್ನಿಶಿಯನ್‌ಗಳು.

ಇವರಿಗೆ ಗೌರವ ಸಿಕ್ಕಿಲ್ಲವೇ? ಸಿಕ್ಕಿದೆ. ಟರ್ಕಿಯಿಂದ ಬಂದ ತಂಡವನ್ನು ಪ್ರಧಾನಿ ಕರೆದು ಮಾತಾಡಿಸಿದರು. ಸೇನಾ ಮುಖ್ಯಸ್ಥರು ಸನ್ಮಾನಿಸಿದರು. 2024ರಲ್ಲಿ ಕೇಂದ್ರ ಸರ್ಕಾರ ಇದೇ ಬ್ರಿಗೇಡ್‌ನ ‘60 ಪ್ಯಾರಾಚೂಟ್ ಫೀಲ್ಡ್ ಹಾಸ್ಪಿಟಲ್’ ಎಂಬ ಘಟಕಕ್ಕೆ ಸುಭಾಷ್ ಚಂದ್ರ ಬೋಸ್ ಆಪದಾ ಪ್ರಬಂಧನ್ (ವಿಪತ್ತು ನಿರ್ವಹಣೆ) ಪುರಸ್ಕಾರ ಕೊಟ್ಟಿತು. ಇದೆಲ್ಲ ಆಗಬೇಕಾದದ್ದೇ, ಆಗಿದೆ, ಸಂತೋಷ. ನನ್ನ ಪ್ರಶ್ನೆ ಬೇರೆ. ಈ ಗೌರವ ದೆಹಲಿ, ಆಗ್ರಾ ದಾಟಿ ಆ ತಂಡದಲ್ಲಿ ರಕ್ತ ಒರೆಸಿದ, ಜನರೇಟರ್ ನಡೆಸಿದ, ಎಕ್ಸ್-ರೇ ತೆಗೆದ ಮನುಷ್ಯನವರೆಗೆ ತಲುಪುತ್ತದೆಯೇ? ಆತ ಪಿಂಚಣಿ ಪುಸ್ತಕ ಹಿಡಿದು ಕಲಬುರಗಿಗೋ ಬೀದರಿಗೋ ಯಾದಗಿರಿಗೋ ವಾಪಸ್ ಬಂದಾಗ ನಾವು ಆತನ ಕೈಲಿರುವ ವಿದ್ಯೆಯನ್ನು ಏನು ಮಾಡುತ್ತೇವೆ? ಆ ವಿದ್ಯೆಯನ್ನು ಬಳಸಿಕೊಳ್ಳದ ಸನ್ಮಾನ ಅರ್ಧ ಸನ್ಮಾನ ಎಂಬುದು ನನ್ನ ವಾದ. ನಮ್ಮ ಭಾಗಕ್ಕೆ ಆ ವಿದ್ಯೆ ಯಾಕೆ ಬೇಕು ಎಂಬುದಕ್ಕೂ ಗಟ್ಟಿ ಕಾರಣ ಇದೆ.

ಮೊದಲು ಅವರು ಅಲ್ಲಿ ಮಾಡುವ ಕೆಲಸ ಏನು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ.

ಗೋಡೆ ಎತ್ತುವ ಮುಂಚಿನ ಸಲೈನ್

ಭೂಕಂಪ ಅಂದರೆ ತಲೆಗೆ ಪೆಟ್ಟು, ಮೂಳೆ ಮುರಿತ ಅಂತಲೇ ನಾವು ಅಂದುಕೊಳ್ಳುತ್ತೇವೆ. ಆದರೆ ಅವಶೇಷದಡಿ ಹಲವು ತಾಸು ಜೀವಂತವಾಗಿದ್ದವರು, ಹೊರಗೆ ತೆಗೆದ ಮೇಲೆ ಸಾಯುವುದುಂಟು. ಕಾಲಿನ ಮೇಲೆ ಗೋಡೆ ಬಿದ್ದಿದೆ ಅನ್ನಿ. ಒಳಗೆ ಮಾಂಸಖಂಡ ಜಜ್ಜಿಹೋಗಿದೆ. ಭಾರ ಮೇಲೆ ಇರುವವರೆಗೆ ಆ ಕಾಲಿನ ರಕ್ತ ಅಲ್ಲೇ ನಿಂತಿರುತ್ತದೆ. ಮನುಷ್ಯ ಮಾತಾಡುತ್ತಾನೆ, ನೀರು ಕೇಳುತ್ತಾನೆ. ಜನ ಖುಷಿಯಿಂದ ಗೋಡೆ ಎತ್ತುತ್ತಾರೆ. ತಕ್ಷಣ ರಕ್ತ ಹರಿಯಲು ಶುರುವಾಗುತ್ತದೆ. ಜಜ್ಜಿದ ಮಾಂಸಖಂಡದಿಂದ ಪೊಟ್ಯಾಸಿಯಂ, ಮಯೋಗ್ಲೋಬಿನ್ ಎಂಬ ಪ್ರೋಟೀನ್ ಎಲ್ಲ ಒಮ್ಮೆಲೇ ದೇಹಕ್ಕೆ ನುಗ್ಗುತ್ತವೆ. ಪೊಟ್ಯಾಸಿಯಂ ಜಾಸ್ತಿಯಾದರೆ ಹೃದಯ ನಿಲ್ಲುತ್ತದೆ. ಮಯೋಗ್ಲೋಬಿನ್ ಕಿಡ್ನಿಯನ್ನು ಕೆಡಿಸುತ್ತದೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿತು ಅಂದರೆ ಕಿಡ್ನಿಗೆ ಅಪಾಯ ಶುರುವಾಗಿದೆ ಎಂದೇ ಲೆಕ್ಕ. ವೈದ್ಯರು ಇದನ್ನು ಕ್ರಶ್ ಸಿಂಡ್ರೋಮ್ ಅನ್ನುತ್ತಾರೆ.

ಇದಕ್ಕೆ ಉಪಾಯ ಸರಳ, ಆದರೆ ಸಮಯಕ್ಕೆ ಸರಿಯಾಗಿ ಆಗಬೇಕು. ಗೋಡೆ ಎತ್ತುವ ಮುಂಚೆಯೇ, ಆತ ಇನ್ನೂ ಕೆಳಗೆ ಸಿಕ್ಕಿಕೊಂಡಿರುವಾಗಲೇ, ಕೈಗೆ ಸಿಕ್ಕ ನರ ಹುಡುಕಿ ಸಲೈನ್ ಹಚ್ಚಬೇಕು. ದೊಡ್ಡವರಿಗೆ ತಾಸಿಗೆ ಸುಮಾರು ಒಂದು ಲೀಟರ್ ಲೆಕ್ಕ. ಅದೂ ಪೊಟ್ಯಾಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಬಾಟಲಿ ಅಲ್ಲ, ನಾರ್ಮಲ್ ಸಲೈನ್. ಹೊರಗೆ ತೆಗೆದ ಮೇಲೆ ಮೂತ್ರ ಎಷ್ಟು ಹೋಗುತ್ತಿದೆ ಅಂತ ಅಳೆಯಬೇಕು. ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್. ಕಾಲು ಉಳಿಸಲು ಆಗದಿದ್ದರೆ ಕತ್ತರಿಸುವ ನಿರ್ಧಾರ. ಇದರಲ್ಲಿ ಸರ್ಜನ್‌ನ ಕೆಲಸ ಒಂದು ಭಾಗ ಅಷ್ಟೇ. ಧೂಳಿನಲ್ಲಿ ಮೊಣಕಾಲೂರಿ ಕೂತು, ಟಾರ್ಚ್ ಬೆಳಕಲ್ಲಿ ಸೂಜಿ ಹಾಕುವವರು ಬಹಳ ಸಲ ಡಾಕ್ಟರೇ ಆಗಿರುವುದಿಲ್ಲ.

ಇನ್ನೊಂದು ಸತ್ಯ ಹೇಳಬೇಕು. ಹೊರಗಿನಿಂದ ಹೋದ ದವಾಖಾನೆ ಎಷ್ಟೇ ಬೇಗ ಹೋದರೂ ಮೊದಲ ದಿನದ ಗಾಯಾಳುಗಳನ್ನು ಪೂರ್ತಿ ಹಿಡಿಯಲು ಆಗುವುದಿಲ್ಲ. ಅವರನ್ನು ಉಳಿಸುವುದು ಹೆಚ್ಚಾಗಿ ಅಕ್ಕಪಕ್ಕದ ಮನೆಯವರು, ಸ್ಥಳೀಯ ದವಾಖಾನೆಯವರು. ಫೀಲ್ಡ್ ಹಾಸ್ಪಿಟಲ್ ಮುಂದೆ ಸಾಲು ನಿಲ್ಲುವವರಲ್ಲಿ ಕೀವು ತುಂಬಿದ ಗಾಯದವರು ಇರುತ್ತಾರೆ, ಇನ್ಸುಲಿನ್ ಮಣ್ಣಲ್ಲಿ ಹೋದ ಸಕ್ಕರೆ ಕಾಯಿಲೆಯವರು ಇರುತ್ತಾರೆ, ಹೆರಿಗೆಗೆ ಬಂದ ಹೆಣ್ಣುಮಕ್ಕಳು, ಕೆಮ್ಮುವ ಕೂಸುಗಳು, ಹಲ್ಲುನೋವಿನವರು ಇರುತ್ತಾರೆ. ಊರಿನ ದವಾಖಾನೆಯೇ ಕುಸಿದಿರುವಾಗ ಇವರೆಲ್ಲ ಎಲ್ಲಿಗೆ ಹೋಗಬೇಕು? ಇಸ್ಕೆಂಡರುನ್‌ನಲ್ಲಿ ಆದದ್ದು ಇದೇ. ಅಲ್ಲಿನ ಸರ್ಕಾರಿ ಆಸ್ಪತ್ರೆಯ ಕಟ್ಟಡವೇ ಬಿದ್ದಿತ್ತು. ನಮ್ಮ ತಂಡ ಹತಾಯ್ ಪ್ರಾಂತದ ಒಂದು ಶಾಲಾ ಕಟ್ಟಡದಲ್ಲಿ 30 ಹಾಸಿಗೆ ಹಾಕಿತು. ಎಕ್ಸ್-ರೇ, ಲ್ಯಾಬ್, ವೆಂಟಿಲೇಟರ್, ಆಮ್ಲಜನಕ ತಯಾರಿಸುವ ಯಂತ್ರ, ಆಪರೇಷನ್ ಕೋಣೆ, ಹಲ್ಲಿನ ಚಿಕಿತ್ಸೆ ಎಲ್ಲ ಇತ್ತು. 12 ದಿನದಲ್ಲಿ 3,600 ರೋಗಿಗಳು. ಒಂದು ದಿನಕ್ಕೆ 300. ಭಾಷೆ ಬರುವುದಿಲ್ಲ, ಫೆಬ್ರುವರಿಯ ಚಳಿ ಬೇರೆ. ನಡುನಡುವೆ ಮತ್ತೆ ಮತ್ತೆ ನೆಲ ನಡುಗುತ್ತಿತ್ತು.

ಇಂಥ ತಂಡ ಹೇಗಿರಬೇಕು ಎಂಬುದಕ್ಕೆ ಈಗ ಜಗತ್ತಿನಲ್ಲಿ ಅಳತೆಗೋಲು ಇದೆ. 2010ರ ಜನವರಿಯ ಹೈಟಿ ಭೂಕಂಪದಲ್ಲಿ ಎಲ್ಲೆಲ್ಲಿಂದಲೋ ವೈದ್ಯ ತಂಡಗಳು ಬಂದಿಳಿದವು. ಕೆಲವರು ಚೆನ್ನಾಗಿ ದುಡಿದರು. ಕೆಲವರು ತಯಾರಿ ಇಲ್ಲದೆ ಬಂದು, ಆಪರೇಷನ್ ಮಾಡಿ, ಆಮೇಲಿನ ಆರೈಕೆಗೆ ಯಾರೂ ಇಲ್ಲದಂತೆ ಬಿಟ್ಟುಹೋದರು. ಆ ಕಹಿ ಅನುಭವದ ನಂತರ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ತುರ್ತು ವೈದ್ಯ ತಂಡಗಳಿಗೆ ಕನಿಷ್ಠ ಮಟ್ಟ ಗೊತ್ತುಮಾಡಿತು. ಮೊದಲ ದರ್ಜೆಯದು ಹೊರರೋಗಿಗಳಿಗೆ. ಎರಡನೇ ದರ್ಜೆಯದಕ್ಕೆ ಕನಿಷ್ಠ 20 ಒಳರೋಗಿ ಹಾಸಿಗೆ ಇರಬೇಕು, ದಿನಕ್ಕೆ 7 ದೊಡ್ಡ ಇಲ್ಲವೇ 15 ಸಣ್ಣ ಶಸ್ತ್ರಚಿಕಿತ್ಸೆ ಮಾಡುವ ಶಕ್ತಿ ಇರಬೇಕು. ಮೂರನೆಯದಕ್ಕೆ 40 ಹಾಸಿಗೆ, ಜೊತೆಗೆ ಐಸಿಯು. ಎಲ್ಲಕ್ಕಿಂತ ಮುಖ್ಯವಾದ ಷರತ್ತು ಒಂದಿದೆ. ನೊಂದ ಊರಿಗೆ ನೀವು ಹೊರೆ ಆಗಬಾರದು. ನಿಮ್ಮ ನೀರು, ಕರೆಂಟು, ಊಟ, ಶೌಚಾಲಯ, ಔಷಧಿ ಎಲ್ಲ ನೀವೇ ತರಬೇಕು.

ಈ ಷರತ್ತು ಓದಿದರೆ ತಂಡದಲ್ಲಿ ಯಾರು ಯಾರು ಇರಬೇಕು ಅಂತ ತಾನಾಗಿ ಗೊತ್ತಾಗುತ್ತದೆ. ನೀರು ಶುದ್ಧ ಮಾಡುವವರು ಬೇಕು. ಜನರೇಟರ್ ರಾತ್ರಿ ಎರಡಕ್ಕೆ ನಿಂತರೆ ಎಬ್ಬಿಸುವವರು ಬೇಕು, ಯಾಕೆಂದರೆ ವೆಂಟಿಲೇಟರ್ ಅದರ ಮೇಲೇ ನಿಂತಿದೆ. ಉಪಕರಣ ಕುದಿಸಿ ಒಣಗಿಸಿ ಮತ್ತೆ ಕೊಡುವವರು, ಅಡುಗೆಯವರು, ಸ್ಟೋರ್ ನೋಡುವವರು, ಗುಡಿಸುವವರು. ಇವರಲ್ಲಿ ಒಬ್ಬರು ಕೈಬಿಟ್ಟರೂ ಸರ್ಜನ್‌ನ ಕೈ ನಿಲ್ಲುತ್ತದೆ.

ಕೊರಿಯಾದಿಂದ ಬಂದ ಪರಂಪರೆ

ಈ ಘಟಕದ ಹಿಂದಿನ ಕಥೆ ನಮ್ಮ ಶಾಲೆಯ ಪುಸ್ತಕದಲ್ಲಿ ಸಿಗುವುದಿಲ್ಲ. 1942ರಲ್ಲಿ ಹುಟ್ಟಿದ ಘಟಕ ಇದು. ಇವತ್ತಿನ 60 ಪ್ಯಾರಾಚೂಟ್ ಫೀಲ್ಡ್ ಹಾಸ್ಪಿಟಲ್‌ಗೆ ಕೊರಿಯಾದ ಕಾಲದಲ್ಲಿದ್ದ ಹೆಸರು 60 ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್. 1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ ನೆಹರೂ ಸರ್ಕಾರ ಹೋರಾಡುವ ಪಡೆ ಕಳಿಸಲಿಲ್ಲ, ವೈದ್ಯರನ್ನು ಕಳಿಸಿತು. 60 ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್‌ನ ಮುನ್ನೂರಕ್ಕೂ ಹೆಚ್ಚು ಜನ ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ಮುಂದಾಳತ್ವದಲ್ಲಿ ಆ ನವೆಂಬರ್‌ನಲ್ಲಿ ಕೊರಿಯಾಕ್ಕೆ ಹೋದರು.

ಹೋಗಿ ಕೆಲವೇ ದಿನಕ್ಕೆ ಚೀನಾದ ಪಡೆಗಳು ನುಗ್ಗಿ ಬಂದವು. ಪ್ಯೊಂಗ್ಯಾಂಗ್ ಬಿಟ್ಟು ಹಿಂದೆ ಸರಿಯಿರಿ ಅಂತ ಆದೇಶ ಬಂತು. ಸಾಗಿಸಲು ಲಾರಿ ಇಲ್ಲ. ಔಷಧಿ, ಉಪಕರಣ ಬಿಟ್ಟು ಓಡಿದರೆ ಆಮೇಲೆ ದವಾಖಾನೆಯೇ ಇಲ್ಲ. ಆಗ ಅವರಿಗೆ ಒಂದು ಹಳೇ ಉಗಿ ಎಂಜಿನ್ ಮತ್ತು ಕೆಲವು ರೈಲು ಡಬ್ಬಿ ಕಂಡವು. ಎಂಜಿನ್‌ಗೆ ನೀರು ತುಂಬಬೇಕಲ್ವಾ? ಸಾಲಾಗಿ ನಿಂತು ಬಕೆಟ್ ಬಕೆಟ್ ನೀರು ಕೈಯಿಂದ ಕೈಗೆ ದಾಟಿಸಿದರು. ರೈಲಿನ ಕೆಲಸ ಗೊತ್ತಿದ್ದ ಜವಾನರೇ ಓಡಿಸಿದರು. ಇಡೀ ದವಾಖಾನೆ ಉಳಿಯಿತು. ನಮ್ಮ ವಾಡಿ ಜಂಕ್ಷನ್, ಶಹಾಬಾದ್ ಕಡೆ ರೈಲ್ವೆಯಲ್ಲಿ ದುಡಿದ ಮನೆತನಗಳು ಬಹಳ. ತಣ್ಣಗಿದ್ದ ಎಂಜಿನ್‌ನಲ್ಲಿ ಉಗಿ ಎಬ್ಬಿಸುವುದು ಎಂಥ ಕೆಲಸ ಅಂತ ಅವರನ್ನು ಕೇಳಿದರೆ ಗೊತ್ತಾಗುತ್ತದೆ.

1951ರ ಮಾರ್ಚ್‌ನಲ್ಲಿ ಅಮೆರಿಕದ ಪ್ಯಾರಾಚೂಟ್ ಪಡೆಯ ಜೊತೆ ಈ ಘಟಕದ 12 ಜನ ಮುನ್ಸಾನ್ ಹತ್ತಿರ ಆಕಾಶದಿಂದ ಜಿಗಿದು, ನೆಲಕ್ಕಿಳಿದ ಕೂಡಲೇ ಗಾಯಾಳುಗಳ ಆಪರೇಷನ್ ಶುರುಮಾಡಿದರು. 1954ರಲ್ಲಿ ವಾಪಸ್ ಬರುವ ಹೊತ್ತಿಗೆ ಅವರ ಕೈಯಲ್ಲಿ ಹಾದುಹೋದ ರೋಗಿಗಳ ಲೆಕ್ಕ ಎರಡು ಲಕ್ಷದ ಆಸುಪಾಸು. ಅದರಲ್ಲಿ ಸೈನಿಕರೂ ಇದ್ದರು, ಊರ ಜನರೂ ಇದ್ದರು. ರಂಗರಾಜ್ ಮತ್ತು ಮೇಜರ್ ಎನ್. ಬಿ. ಬ್ಯಾನರ್ಜಿ ಇಬ್ಬರಿಗೂ ಮಹಾವೀರ ಚಕ್ರ ಸಿಕ್ಕಿತು. ರಂಗರಾಜ್ ನಿವೃತ್ತಿಯ ನಂತರ ಸುಮ್ನೆ ಕೂರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸೇರಿ ಅಫ್ಘಾನಿಸ್ತಾನದಲ್ಲಿ ಸಿಡುಬು ತೊಲಗಿಸುವ ಕೆಲಸ ಮಾಡಿದರು. ಯುದ್ಧಭೂಮಿಯಲ್ಲಿ ಕಲಿತದ್ದನ್ನು ಸಿವಿಲ್ ಜನರಿಗೆ ಬಳಸಿದ ಅವರ ಈ ಎರಡನೇ ಜೀವನ ನನಗೆ ಬಹಳ ಮುಖ್ಯ ಅನಿಸುತ್ತದೆ. ನಾನು ಮುಂದೆ ಹೇಳುವ ಮಾತಿಗೆ ಅವರೇ ಉದಾಹರಣೆ.

ನಮ್ಮ ಪಕ್ಕದ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸರನ್ನೂ ಇಲ್ಲಿ ನೆನೆಯಬೇಕು. ಅವರು ನಮ್ಮ ಸೇನೆಯವರಲ್ಲ. 1938ರಲ್ಲಿ ಕಾಂಗ್ರೆಸ್ ಕಳಿಸಿದ ಐದು ವೈದ್ಯರಲ್ಲಿ ಒಬ್ಬರಾಗಿ ಚೀನಾಕ್ಕೆ ಹೋದರು, ಅಲ್ಲಿನ ಸೈನಿಕರಿಗೆ ಚಿಕಿತ್ಸೆ ಮಾಡುತ್ತಲೇ 1942ರಲ್ಲಿ 32ನೇ ವಯಸ್ಸಿಗೆ ತೀರಿಕೊಂಡರು. ಚೀನಾದಲ್ಲಿ ಅವರ ಸಮಾಧಿಗೆ ಇವತ್ತಿಗೂ ಹೂ ಬೀಳುತ್ತದೆ. ಸೊಲ್ಲಾಪುರದಲ್ಲಿ ಅವರ ಮನೆ ಸ್ಮಾರಕ ಆಗಿದೆ. ಹುಟ್ಟಿದ ಊರು ಹೆಸರು ಹಿಡಿದುಕೊಂಡರೆ ಹೆಸರು ಉಳಿಯುತ್ತದೆ ಎಂಬುದಕ್ಕೆ ಅಫಜಲಪುರದವರು, ಆಳಂದದವರು ದೂರ ಹೋಗಿ ನೋಡಬೇಕಿಲ್ಲ.

ಪದಕದ ಲೆಕ್ಕಾಚಾರ

ಈಗ ಗೌರವದ ವ್ಯವಸ್ಥೆಯನ್ನೇ ಬಿಡಿಸಿ ನೋಡೋಣ.

ಪರಮವೀರ, ಮಹಾವೀರ, ವೀರ ಚಕ್ರಗಳು ಶತ್ರುವಿನ ಎದುರು ತೋರಿದ ಶೌರ್ಯಕ್ಕೆ. ಕೊರಿಯಾದಲ್ಲಿ ಗುಂಡು ಹಾರುತ್ತಿತ್ತು, ಹಾಗಾಗಿ ಮಹಾವೀರ ಚಕ್ರ ಬಂತು. ಟರ್ಕಿಯಲ್ಲಿ ಶತ್ರು ಇಲ್ಲ. ಶಾಂತಿಕಾಲದ ಅಶೋಕ, ಕೀರ್ತಿ, ಶೌರ್ಯ ಚಕ್ರಗಳು ಜೀವ ಪಣಕ್ಕಿಟ್ಟ ಒಂದು ಎದ್ದುಕಾಣುವ ಸಾಹಸ ಕೇಳುತ್ತವೆ. 12 ದಿನ ನಿದ್ದೆ ಬಿಟ್ಟು ಡ್ರೆಸ್ಸಿಂಗ್ ಬದಲಿಸಿದ್ದು ಆ ಸಾಲಿಗೆ ಸುಲಭವಾಗಿ ಬರುವುದಿಲ್ಲ. ವಿಶಿಷ್ಟ ಸೇವಾ ಪದಕದ ಸಾಲು ಇದೆ, ಸೇನಾ ಪದಕ ಇದೆ. ವಿದೇಶದಲ್ಲಿ ದುಡಿದವರಿಗೆ ವಿದೇಶ ಸೇವಾ ಪದಕ ಇದೆ. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ, ಕಾಂಗೋದ ಗೋಮಾದಲ್ಲಿ, ದಕ್ಷಿಣ ಸುಡಾನ್‌ನಲ್ಲಿ ನಮ್ಮ ಸೇನಾ ದವಾಖಾನೆಗಳಲ್ಲಿ ಕೆಲಸ ಮಾಡಿದವರಿಗೆ ವಿಶ್ವಸಂಸ್ಥೆಯ ಪದಕ ಸಿಗುತ್ತದೆ. ಆದರೆ ಹೊರದೇಶದ ವಿಪತ್ತಿಗೆ ಓಡಿ ಜೀವ ಉಳಿಸಿದ ವೈದ್ಯ ಸಿಬ್ಬಂದಿಗೆಂದೇ ಇರುವ, ಅಡುಗೆಯವರಿಂದ ಕರ್ನಲ್‌ವರೆಗೆ ಒಂದೇ ತೂಕದ ಪದಕ ನಮ್ಮಲ್ಲಿಲ್ಲ.

ಘಟಕಕ್ಕೆ ಕೊಡುವ ಪ್ರಶಸ್ತಿಯ ಲೆಕ್ಕವೂ ಬೇರೆ. ಆಪದಾ ಪ್ರಬಂಧನ್ ಪುರಸ್ಕಾರದಲ್ಲಿ ಸಂಸ್ಥೆಗೆ 51 ಲಕ್ಷ ರೂಪಾಯಿ ಮತ್ತು ಪ್ರಮಾಣಪತ್ರ. ಆ ಹಣವನ್ನು ವಿಪತ್ತು ನಿರ್ವಹಣೆಯ ಕೆಲಸಕ್ಕೆ ಮಾತ್ರ ಬಳಸಬೇಕು ಅಂತ ನಿಯಮವೇ ಇದೆ. ಒಳ್ಳೆಯ ನಿಯಮ ಅದು, ನಾನು ತಕರಾರು ಮಾಡುವುದಿಲ್ಲ. ಹೊಸ ಟೆಂಟ್, ಹೊಸ ಯಂತ್ರ ಬಂದರೆ ಮುಂದಿನ ಊರಿಗೆ ಉಪಯೋಗ. ಆದರೆ ಆ ಪ್ರಶಸ್ತಿಯಲ್ಲಿ ಒಬ್ಬ ನರ್ಸಿಂಗ್ ಅಸಿಸ್ಟೆಂಟ್‌ಗೆ ಮನೆಗೆ ಒಯ್ಯಲು ಏನೂ ಇಲ್ಲ. ಆತ ಕೆಲವು ವರ್ಷದಲ್ಲಿ ಬೇರೆ ಘಟಕಕ್ಕೆ ವರ್ಗ ಆಗುತ್ತಾನೆ. ಪ್ರಶಸ್ತಿ ಆಗ್ರಾದಲ್ಲೇ ಉಳಿಯುತ್ತದೆ.

ಇನ್ನು ಜನರ ಗೌರವ. ಟರ್ಕಿಯ ಹೆಣ್ಣುಮಗಳೊಬ್ಬರು ನಮ್ಮ ತಂಡದ ಮೇಜರ್ ಬೀನಾ ತಿವಾರಿ ಅವರನ್ನು ಅಪ್ಪಿಕೊಂಡು ಮುತ್ತಿಟ್ಟ ಫೋಟೊ ಎಲ್ಲರ ಮೊಬೈಲ್‌ಗೂ ಬಂತು. ಒಂದು ಹೆಣ್ಣುಮಗಳು ಸೇನಾ ಸಮವಸ್ತ್ರದಲ್ಲಿ ಅಷ್ಟು ದೂರ ಹೋಗಿ ಮಾಡಿದ ಸೇವೆ ನೋಡಿ ಎಷ್ಟೋ ಹುಡುಗಿಯರಿಗೆ ಆಸೆ ಹುಟ್ಟಿರಬೇಕು. ಆ ಫೋಟೊ ನನಗೂ ಇಷ್ಟ. ಆದರೆ ಫೋಟೊದ ಚೌಕಟ್ಟಿನಲ್ಲಿ 99 ಜನ ಹಿಡಿಸುವುದಿಲ್ಲ.

ರಾಜ್ಯ ಸರ್ಕಾರವೂ ಶೌರ್ಯ ಪದಕ ಪಡೆದ ನಮ್ಮ ಸೈನಿಕರಿಗೆ ನಗದು ಕೊಡುತ್ತದೆ. ಅದು ಪದಕದ ಪಟ್ಟಿ ನೋಡಿ ಕೊಡುವುದು. ಪದಕದ ವ್ಯವಸ್ಥೆಯಲ್ಲಿ ಜಾಗ ಸಿಗದ ಸೇವೆಗೆ ರಾಜ್ಯದ ಲೆಕ್ಕದಲ್ಲೂ ಜಾಗ ಸಿಗುವುದಿಲ್ಲ. ಹೀಗೆ ಒಂದು ತೂತು ಮೇಲಿನಿಂದ ಕೆಳಗಿನವರೆಗೆ ಹಾಗೇ ಬರುತ್ತದೆ.

ಕರ್ತವ್ಯ ಮಾಡಿದರು, ಸಂಬಳ ತಗೊಂಡರು, ಮತ್ತೇನು ಗೌರವ ಅಂತ ಕೇಳುವವರಿದ್ದಾರೆ. ಆ ಲೆಕ್ಕ ಹಿಡಿದರೆ ಯಾವ ಪದಕವೂ ಬೇಕಿಲ್ಲ. ಇನ್ನೊಂದು ಪ್ರಶ್ನೆ ನಮ್ಮ ಕಡೆಯಿಂದಲೇ ಬರುತ್ತದೆ, ಅದು ಹೆಚ್ಚು ನೋವಿನದು. ನಮಗೇ ಸರಿಯಾದ ದವಾಖಾನೆ ಇಲ್ಲ, ಸ್ವಲ್ಪ ಜಾಸ್ತಿ ಆದರೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡಬೇಕು, ಅಂಥದರಲ್ಲಿ ಟರ್ಕಿಗೆ ಯಾಕೆ ಕಳಿಸಬೇಕು? ಕಲಬುರಗಿಯಲ್ಲಿ 1963ರಿಂದ ಮೆಡಿಕಲ್ ಕಾಲೇಜಿದೆ. ಈಗ ಜಿಮ್ಸ್ ಇದೆ, ಇಎಸ್‌ಐಸಿ ಇದೆ, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲೂ ಮೆಡಿಕಲ್ ಕಾಲೇಜು ಬಂದಿದೆ. ಆದರೂ ರಾತ್ರಿ ಹೊತ್ತು ಆಂಬ್ಯುಲೆನ್ಸ್‌ಗಳು ಸೊಲ್ಲಾಪುರದ ದಾರಿ ಹಿಡಿಯುವುದು ನಿಂತಿಲ್ಲ. ಈ ಸಿಟ್ಟು ನ್ಯಾಯವಾದದ್ದು. ಆದರೆ ಅದನ್ನು ಸೇನಾ ವೈದ್ಯರ ಮೇಲೆ ತಿರುಗಿಸುವುದು ಸರಿಯಲ್ಲ. ಇದೇ ಘಟಕ 2013ರಲ್ಲಿ ಉತ್ತರಾಖಂಡದ ಪ್ರವಾಹದಲ್ಲಿ ದುಡಿದಿದೆ, 2015ರಲ್ಲಿ ನೇಪಾಳದಲ್ಲಿ, 2018ರಲ್ಲಿ ಇಂಡೊನೇಷ್ಯಾದಲ್ಲಿ ದುಡಿದಿದೆ. ಒಂದು ಕಡೆ ಪಳಗಿದ ಕೈ ಇನ್ನೊಂದು ಕಡೆ ಕೆಲಸಕ್ಕೆ ಬರುತ್ತದೆ. ಹೊರದೇಶಕ್ಕೆ ತಂಡ ಕಳಿಸುವುದರಲ್ಲಿ ಸರ್ಕಾರಕ್ಕೆ ಸ್ನೇಹ ಗಳಿಸುವ ಲೆಕ್ಕವೂ ಇರುತ್ತದೆ, ಇರಲಿ. ಅದರಿಂದ ಉಳಿದ ಜೀವದ ಬೆಲೆ ಕಡಿಮೆ ಆಗುವುದಿಲ್ಲ.

ನಮ್ಮ ಗೋಡೆಗಳೂ ಕಲ್ಲಿನವೇ

1993ರ ಸೆಪ್ಟೆಂಬರ್ 30ರ ನಸುಕು. ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಮಹಾರಾಷ್ಟ್ರದ ಕಿಲ್ಲಾರಿ ನಡುಗಿತು. ನಮ್ಮ ಆಳಂದ, ಬಸವಕಲ್ಯಾಣದ ಗಡಿ ದಾಟಿದರೆ ಸಿಗುವ ಊರು ಅದು. ತೀವ್ರತೆ 6.2. ಟರ್ಕಿಗೆ ಹೋಲಿಸಿದರೆ ಸಣ್ಣದು. ಆದರೂ ಸುಮಾರು 10 ಸಾವಿರ ಜನ ಸತ್ತರು. ಕಾರಣ ಗೋಡೆ. ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಬೇಸಿಗೆಗೆ ತಂಪು ಕೊಡುವ ಅದೇ ಗೋಡೆ ಮಲಗಿದವರ ಮೇಲೆ ಬಿತ್ತು. ಆಗಲೂ ಅವಶೇಷ ಎತ್ತಲು, ಗಾಯಾಳು ಸಾಗಿಸಲು ಸೇನೆಯೇ ಬಂತು. ಕಲಬುರಗಿ, ಬೀದರ್ ಜಿಲ್ಲೆಯ ಹಿರಿಯರಿಗೆ ಆ ನಡುಕ ಈಗಲೂ ನೆನಪಿದೆ.

ಅಂಥ ಗೋಡೆಗಳು ಆಳಂದ, ಚಿಂಚೋಳಿ, ಔರಾದ್ ಹಳ್ಳಿಗಳಲ್ಲಿ ಇವತ್ತಿಗೂ ನಿಂತಿವೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲದೊಳಗಿಂದ ಸದ್ದು, ಮೇಲಿಂದ ಮೇಲೆ ಕಂಪನ. ಒಂದು ಸಲ ತೀವ್ರತೆ 4 ಮುಟ್ಟಿತು. ಜನ ಮನೆಯೊಳಗೆ ಮಲಗಲು ಹೆದರಿ ಹೊರಗೆ ರಾತ್ರಿ ಕಳೆದರು, ಎಷ್ಟೋ ಮನೆಯವರು ಊರು ಬಿಟ್ಟರು. ಪುಣ್ಯಕ್ಕೆ ದೊಡ್ಡದು ಆಗಲಿಲ್ಲ. ಆಗಿದ್ದರೆ? ಗೋಡೆ ಎತ್ತುವ ಮುಂಚೆ ಸಲೈನ್ ಹಚ್ಚಬೇಕು ಅಂತ ಗೊತ್ತಿರುವ ಎಷ್ಟು ಕೈಗಳು ಆ ರಾತ್ರಿ ಚಿಂಚೋಳಿಯಲ್ಲಿ ಸಿಗುತ್ತಿದ್ದವು?

ಭೀಮಾ ನದಿಯ ಮಾತು ಹೇಳಲೇಬೇಕು. 2020ರ ಅಕ್ಟೋಬರ್, 2025ರ ಸೆಪ್ಟೆಂಬರ್. ಮಹಾರಾಷ್ಟ್ರದಲ್ಲಿ ಮಳೆ ಸುರಿದು ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಅಫಜಲಪುರದಿಂದ ಯಾದಗಿರಿಯವರೆಗೆ ದಂಡೆಯ ಊರುಗಳು ಮುಳುಗುತ್ತವೆ. ಕಟ್ಟಿಸಂಗಾವಿ ಸೇತುವೆ ಬಂದ್ ಆದರೆ ಜೇವರ್ಗಿ ಕಡೆಯವರಿಗೆ ಕಲಬುರಗಿ ದವಾಖಾನೆ ದೂರ ಆಗಿಬಿಡುತ್ತದೆ. ಜನ ಕಾಳಜಿ ಕೇಂದ್ರದಲ್ಲಿ ಇರುತ್ತಾರೆ. ಅಲ್ಲಿ ಅನ್ನ, ಸಾರು, ಹಾಸಿಗೆ ಕೊಡುತ್ತಾರೆ. ಮಾತ್ರೆ ಡಬ್ಬಿ ಹೊಳೆಯಲ್ಲಿ ಹೋದ ಬಿಪಿ, ಶುಗರ್‌ನವರು, ಏಳು ತಿಂಗಳ ಬಸುರಿ, ಹಾವು ಕಚ್ಚಿದವರು, ವಾಂತಿಭೇದಿ ಹಿಡಿದ ಮಕ್ಕಳು ಎಲ್ಲ ಅಲ್ಲೇ ಇರುತ್ತಾರೆ. ಇಸ್ಕೆಂಡರುನ್ ಶಾಲೆಯ ಮುಂದೆ ಸಾಲು ನಿಂತವರು ಎಂಥವರೋ ನಮ್ಮ ಕಾಳಜಿ ಕೇಂದ್ರದವರೂ ಅಂಥವರೇ. ಶಾಲೆಯನ್ನು ಒಂದೇ ದಿನದಲ್ಲಿ ದವಾಖಾನೆ ಮಾಡುವ ವಿದ್ಯೆ ಇದ್ದವರು ನಮ್ಮ ನಡುವೆಯೇ ಇದ್ದರೆ ಅವರನ್ನು ಕರೆಯುವುದು ಬೇಡವೇ?

ಇದ್ದಾರೆ. ಸೇನಾ ವೈದ್ಯಕೀಯ ದಳದಲ್ಲಿ ಸಿಪಾಯಿಯಾಗಿ ಸೇರಿದವರು 40ರ ಆಸುಪಾಸಿಗೇ ನಿವೃತ್ತರಾಗುತ್ತಾರೆ. ಪಿಯುಸಿ ವಿಜ್ಞಾನ ಓದಿ ಸೇರಿ, ನರ್ಸಿಂಗ್ ಅಸಿಸ್ಟೆಂಟ್ ತರಬೇತಿ ಪಡೆದು, ಸಿಯಾಚಿನ್‌ನಿಂದ ಹಿಡಿದು ಸುಡಾನ್‌ವರೆಗೆ ಕೆಲಸ ಮಾಡಿ ಬಂದವರು. ಊರಿಗೆ ಬಂದ ಮೇಲೆ? ಸಿವಿಲ್ ಆಸ್ಪತ್ರೆಯಲ್ಲಿ ನರ್ಸ್ ಹುದ್ದೆಗೆ ನರ್ಸಿಂಗ್ ಕೌನ್ಸಿಲ್ ನೋಂದಣಿ ಬೇಕು. ಸೇನೆಯ ತರಬೇತಿ ಅದಕ್ಕೆ ತಾನಾಗಿ ಸಮ ಆಗುವುದಿಲ್ಲ. ಮಾಜಿ ಸೈನಿಕರಿಗೆ ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿ ಇದೆ, ಆದರೆ ಅರ್ಹತೆಯ ಕಾಲಂ ತುಂಬದಿದ್ದರೆ ಮೀಸಲಾತಿ ಯಾವ ಕೆಲಸಕ್ಕೆ? ಬ್ಯಾಂಕಿನ ಬಾಗಿಲಲ್ಲಿ, ದೊಡ್ಡ ದವಾಖಾನೆಗಳ ಗೇಟಿನಲ್ಲಿ ಮಾಜಿ ಸೈನಿಕರು ಕಾವಲು ನಿಂತಿರುವುದನ್ನು ನಾವು ದಿನಾ ನೋಡುತ್ತೇವೆ. ಆ ಕೆಲಸಕ್ಕೂ ಮರ್ಯಾದೆ ಇದೆ. ಆದರೆ ಧೂಳಿನಲ್ಲಿ ಕೂತು ನರ ಹುಡುಕಿದ ಕೈ ಅಲ್ಲಿ ಲಾಠಿ ಹಿಡಿದಿದ್ದರೆ ನಷ್ಟ ಆತನಿಗಿಂತ ನಮಗೇ ಜಾಸ್ತಿ.

ಹಾಗಾಗಿ ನನಗೆ ಬೇಕಿರುವ ಗೌರವ ಎರಡು ಹಂತದ್ದು. ದೆಹಲಿ ಮಾಡಬೇಕಾದದ್ದು, ವಿಪತ್ತು ಪರಿಹಾರಕ್ಕೆ ಹೊರದೇಶಕ್ಕೆ ಹೋದ ಪ್ರತಿಯೊಬ್ಬ ವೈದ್ಯ ಸಿಬ್ಬಂದಿಗೂ ಹೆಸರಿಟ್ಟು ಕೊಡುವ ಒಂದು ಪದಕ. ಕೊರಿಯಾದ ಕಾಲದಿಂದ ಇಲ್ಲಿಯವರೆಗಿನ ಎಲ್ಲರನ್ನೂ ಅದರಲ್ಲಿ ಸೇರಿಸಲಿ. ಬೆಂಗಳೂರು ಮಾಡಬೇಕಾದದ್ದು, ಸೇನಾ ತರಬೇತಿಗೆ ಸೇತುವೆಯಾಗುವ ಒಂದು ಚಿಕ್ಕ ಕೋರ್ಸ್ ನಡೆಸಿ ನೋಂದಣಿ ಕೊಡುವುದು. ಸಂವಿಧಾನದ 371ಜೆ ವಿಧಿಯ ಅಡಿ ನಮ್ಮ ಭಾಗಕ್ಕೆ ನೇಮಕಾತಿಯಲ್ಲಿ ಪ್ರತ್ಯೇಕ ವ್ಯವಸ್ಥೆ ಇದೆ. ತಾಲ್ಲೂಕು ದವಾಖಾನೆಗಳ ಖಾಲಿ ಹುದ್ದೆಗೆ ಇಂಥವರು ಬಂದರೆ ಎರಡೂ ಕಡೆಗೆ ಒಳ್ಳೆಯದು.

ಜಿಲ್ಲೆಯಲ್ಲೇ ಮಾಡಬಹುದಾದದ್ದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಜಿಲ್ಲಾಡಳಿತ ಪ್ರವಾಹದ ತಯಾರಿ ಸಭೆ ಮಾಡುತ್ತದೆ. ಆ ಸಭೆಗೆ ಸೇನಾ ವೈದ್ಯಕೀಯ ದಳದ ನಿವೃತ್ತರನ್ನು ಕರೆಯಲಿ. ಭೀಮಾ ದಂಡೆಯ ಆಶಾ ಕಾರ್ಯಕರ್ತೆಯರಿಗೆ, ಚಿಂಚೋಳಿಯ ಯುವಕರಿಗೆ ಅವರು ಎರಡು ದಿನ ಪಾಠ ಮಾಡಲಿ. ಗಾಯಾಳುಗಳನ್ನು ಕೆಂಪು, ಹಳದಿ, ಹಸಿರು ಪಟ್ಟಿ ಕಟ್ಟಿ ಬೇರ್ಪಡಿಸುವುದು ಹೇಗೆ, ಗೋಡೆ ಕೆಳಗಿದ್ದವರನ್ನು ಮುಟ್ಟುವ ಮುಂಚೆ ಏನು ಮಾಡಬೇಕು, ಶಾಲೆಯ ಯಾವ ಕೋಣೆ ಆಪರೇಷನ್‌ಗೆ, ಯಾವುದು ಹೆರಿಗೆಗೆ, ಶೌಚಾಲಯ ಎಷ್ಟು ದೂರ. ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ, ಕಲಬುರಗಿಯಲ್ಲಿ 2019ರಿಂದ ವಿಮಾನ ನಿಲ್ದಾಣ ಇದೆ. ಭೀಷ್ಮ್ ಕ್ಯೂಬ್ ಎಂಬ ಮಡಚಿಡುವ ದವಾಖಾನೆ ಈಗ ದೇಶದಲ್ಲೇ ತಯಾರಾಗುತ್ತಿದೆ. 72 ಸಣ್ಣ ಪೆಟ್ಟಿಗೆಗಳಲ್ಲಿ 200 ಜನರ ಚಿಕಿತ್ಸೆಗೆ ಬೇಕಾದ ಸಾಮಾನು, ವಿಮಾನದಿಂದ ಪ್ಯಾರಾಚೂಟ್ ಕಟ್ಟಿಯೂ ಇಳಿಸಬಹುದು. ನಾವು ಅದನ್ನು ಉಕ್ರೇನ್‌ಗೆ ಕೊಟ್ಟಿದ್ದೇವೆ, ಸಂತೋಷ. ಒಂದು ಕಲಬುರಗಿಯಲ್ಲೂ ಇರಲಿ, ಅದನ್ನು ಬಿಚ್ಚಿ ಹೂಡುವುದು ಗೊತ್ತಿರುವವರ ಕೈಗೆ ಕೊಡಲಿ.

ನವೆಂಬರ್ 1ಕ್ಕೆ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿ ಕೊಡುತ್ತಾರೆ. ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವದ ವೇದಿಕೆ ಇರುತ್ತದೆ. ಕಲೆ, ಸಾಹಿತ್ಯ, ಕೃಷಿ, ಪತ್ರಿಕೆ ಎಲ್ಲಕ್ಕೂ ಹೆಸರು ಹುಡುಕುವ ಸಮಿತಿ ಈ ಹೆಸರುಗಳನ್ನೂ ಹುಡುಕಲಿ. ಹುಡುಕುವುದು ಕಷ್ಟ ಏನಲ್ಲ. ಪ್ರತಿ ಮಾಜಿ ಸೈನಿಕನ ಡಿಸ್ಚಾರ್ಜ್ ಪುಸ್ತಕದಲ್ಲಿ ಆತ ಯಾವ ದಳದಲ್ಲಿದ್ದ, ಯಾವ ಕೆಲಸ ಮಾಡಿದ, ಯಾವ ಪದಕ ಬಂತು ಅಂತ ಬರೆದಿರುತ್ತದೆ. ಗುರುತಿನ ಚೀಟಿ ಮಾಡಿಸಲು ಅದೇ ಪುಸ್ತಕ ಹಿಡಿದು ಅವರು ಸೈನಿಕ ಕಲ್ಯಾಣ ಇಲಾಖೆಗೆ ಬಂದೇ ಬರುತ್ತಾರೆ. ವೈದ್ಯಕೀಯ ದಳದವರ ಹೆಸರು, ಊರು, ಫೋನ್ ನಂಬರ್ ಬೇರೆ ಒಂದು ರಿಜಿಸ್ಟರಿನಲ್ಲಿ ಬರೆದು, ಅದರ ಒಂದು ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಯ ಮೇಜಿಗೆ ಕಳಿಸುವುದು ಒಂದು ವಾರದ ಕೆಲಸ. ಮುಂದಿನ ಮಳೆಗಾಲಕ್ಕೆ ಮುಂಚೆ ಆಗಲಿ.